ಲಿನಕ್ಸ್ ಮನೆಗೆ ಇನ್ನೊಂದು ಗೋಡೆ ಬೇಕೆ?

"ಮೇಡಂ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಫೈರ್‌ವಾಲೇ ಇಲ್ಲವಲ್ಲ! ವರ್ಷಕ್ಕೆ ಎರಡು ಸಾವಿರ ಕೊಟ್ರೆ ಒಳ್ಳೇದು ಹಾಕಿಕೊಡ್ತೀನಿ."

ಕೀಬೋರ್ಡ್ ರಿಪೇರಿಗೆ ಕೊಟ್ಟಿದ್ದ ಅಂಗಡಿಯ ಹುಡುಗ ಹೀಗಂದಾಗ ನನ್ನ ಎದೆ ಧಸಕ್ಕೆಂದಿತು. ಮಗಳ ಪ್ರಾಜೆಕ್ಟು, ನಮ್ಮವರ ಪಿಎಫ್ ಕಾಗದ, ಅತ್ತೆಯವರ ಪೆನ್ಷನ್ ಲೆಕ್ಕ ಎಲ್ಲಾ ಅದರೊಳಗೇ ಇದೆ. ಪರ್ಸಿಗೆ ಕೈ ಹಾಕಿದವಳು, ಯಾವುದಕ್ಕೂ ಒಂದು ಮಾತು ಕೇಳೋಣ ಅಂತ ಅಕ್ಕನ ಮಗನಿಗೆ ಫೋನ್ ಮಾಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಾಗ, ನಮ್ಮ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಒಗ್ಗೋದಿಲ್ಲ ಅಂತ ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ಅವನೇ.

"ದುಡ್ಡು ಕೊಡಬೇಡ ಚಿಕ್ಕಮ್ಮ, ಸಂಜೆ ಬರ್ತೀನಿ" ಅಂದ.

ಗೋಡೆ ಮೊದಲೇ ಇದೆ

ಫೈರ್‌ವಾಲ್ ಅಂದರೆ ಕಂಪ್ಯೂಟರಿಗೆ ಬರುವ, ಅಲ್ಲಿಂದ ಹೋಗುವ ಮಾಹಿತಿಯನ್ನು ತಡೆದು ನೋಡುವ ಕಾವಲುಗಾರ. ಲಿನಕ್ಸ್‌ಗೆ ಇದನ್ನು ಹೊರಗಿನಿಂದ ಕೊಂಡು ತರಬೇಕಿಲ್ಲ. ಅದರ ತಿರುಳಾದ ಕರ್ನೆಲ್‌ನಲ್ಲೇ ನೆಟ್‌ಫಿಲ್ಟರ್ ಎಂಬ ವ್ಯವಸ್ಥೆಯಿದೆ, 2001ರಲ್ಲಿ ಬಂದ 2.4ನೇ ಆವೃತ್ತಿಯಿಂದಲೂ! ಅದಕ್ಕೆ ಅಪ್ಪಣೆ ಕೊಡುವ ಯುಎಫ್‌ಡಬ್ಲ್ಯೂ ಎಂಬ ಪುಟ್ಟ ಸಾಧನ ಉಬುಂಟು, ಮಿಂಟ್ ಎರಡರಲ್ಲೂ ಜತೆಗೇ ಬರುತ್ತದೆ. ಆದರೆ ಆಫ್ ಆಗಿರುತ್ತದೆ. ಫೆಡೋರಾದಲ್ಲಾದರೆ ಫೈರ್‌ವಾಲ್ ಮೊದಲೇ ಆನ್ ಆಗಿರುತ್ತದೆ.

ಅಂದರೆ ಅಂಗಡಿ ಹುಡುಗ ಹೇಳಿದ್ದು ಅರ್ಧ ಸತ್ಯ. ನಮ್ಮ ಮನೆಗೆ ಬಾಗಿಲಿತ್ತು, ಚಿಲಕ ಹಾಕಿರಲಿಲ್ಲ ಅಷ್ಟೆ.

ಹಾಗಾದರೆ ಇಷ್ಟು ದಿನ?

ನನಗೂ ಇದೇ ಭಯ. ಆದರೆ ಮನೆಯ ವೈಫೈ ರೂಟರ್ ಇದೆಯಲ್ಲ, ಅದು ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಇದ್ದಂತೆ. ನಾವು ಕರೆಯದೇ ಹೊರಗಿನಿಂದ ಬರುವವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಜತೆಗೆ, ಹೊಸದಾಗಿ ಹಾಕಿದ ಮಿಂಟ್‌ನಲ್ಲಿ ಹೊರಗಿನವರು ಬಾಗಿಲು ತಟ್ಟಿದರೆ ಓಗೊಡುವ ಪ್ರೋಗ್ರಾಮ್‌ಗಳೂ ತೀರಾ ಕಡಿಮೆ. ಮನೆಯಲ್ಲೇ ಕೂತು ಬಳಸುವವರು ಗಾಬರಿಯಾಗಬೇಕಿಲ್ಲ.

ಲ್ಯಾಪ್‌ಟಾಪ್ ಹಿಡಿದು ಹೋಟೆಲ್, ರೈಲ್ವೆ ಸ್ಟೇಷನ್ ಅಂತ ಓಡಾಡಿದರೆ ಮಾತ್ರ ಮನೆಯ ವಾಚ್‌ಮನ್ ಜತೆಗೆ ಬರುವುದಿಲ್ಲ. ಅಲ್ಲಿ ಅದೇ ವೈಫೈನಲ್ಲಿ ಯಾರ್ಯಾರಿರುತ್ತಾರೋ! ಆಗ ನಮ್ಮದೇ ಚಿಲಕ ಬೇಕು.

ಚಿಲಕ ಹಾಕುವುದು ಹೀಗೆ

* ಮಿಂಟ್‌ನ ಮೆನುವಿನಲ್ಲಿ 'ಫೈರ್‌ವಾಲ್' ಅಂತ ಹುಡುಕಿ. ಸಿಗುವ ಕಿಟಕಿ ತೆರೆದು ಪಾಸ್‌ವರ್ಡ್ ಕೊಡಿ.

* 'ಸ್ಟೇಟಸ್' ಎದುರಿನ ಗುಂಡಿ ಆನ್ ಮಾಡಿ. 'ಇನ್‌ಕಮಿಂಗ್' ಡಿನೈ, 'ಔಟ್‌ಗೋಯಿಂಗ್' ಅಲೋ ಅಂತಿರಲಿ. ಒಗ್ಗರಣೆ ಹಾಕುವಷ್ಟು ಹೊತ್ತೂ ಹಿಡಿಯುವುದಿಲ್ಲ.

* ಉಬುಂಟು ಇದ್ದರೆ 'ಜಿಯುಎಫ್‌ಡಬ್ಲ್ಯೂ' ಎಂಬ ಇದೇ ಕಿಟಕಿಯನ್ನು ಸಾಫ್ಟ್‌ವೇರ್ ಮಳಿಗೆಯಿಂದ ಪುಕ್ಕಟೆ ಹಾಕಿಕೊಳ್ಳಬಹುದು.

* ಆಮೇಲೆ ಫೋನಿನಿಂದ ಲ್ಯಾಪ್‌ಟಾಪ್‌ಗೆ ಫೋಟೋ ಕಳಿಸುವುದೋ, ವೈಫೈ ಪ್ರಿಂಟರ್ ಹುಡುಕುವುದೋ ನಿಂತುಹೋದರೆ ಕೆಟ್ಟಿತು ಅಂದುಕೊಳ್ಳಬೇಡಿ. ಅದೊಂದಕ್ಕೆ ಮಾತ್ರ ಅನುಮತಿಯ ನಿಯಮ ಸೇರಿಸಬೇಕು. ತಿಳಿದವರ ಸಹಾಯ ಪಡೆಯಿರಿ.

* ಕೆಳಗಿನ ಪಟ್ಟಿಯಲ್ಲಿರುವ ಗುರಾಣಿ ಗುರುತು ಅಪ್‌ಡೇಟ್ ಬಂದಿದೆ ಅಂದಾಗ ನಾಳೆ ನೋಡೋಣ ಅನ್ನಬೇಡಿ. ಪ್ರೋಗ್ರಾಮ್ ಬೇಕಾದರೆ ಲಿನಕ್ಸ್‌ನ ಸ್ವಂತ ಮಳಿಗೆಯಿಂದಲೇ ತೆಗೆದುಕೊಳ್ಳಿ.

ಯಾವ ಗೋಡೆಯೂ ತಡೆಯದ್ದು

ಇದಾಗಿ ಎರಡು ವಾರವೂ ಆಗಿರಲಿಲ್ಲ. ಮಧ್ಯಾಹ್ನ ಅತ್ತೆ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. "ಬ್ಯಾಂಕಿನವರಂತೆ ಕಣಮ್ಮಾ, ಕೆವೈಸಿ ಆಗಿಲ್ಲವಂತೆ. ಲ್ಯಾಪ್‌ಟಾಪ್‌ನಲ್ಲಿ ಏನೋ ಹಾಕಿ, ಅದರಲ್ಲಿ ಬರೋ ನಂಬರು ಓದಿ ಅಂತಾರೆ" ಅಂದರು. ಕೈಯಲ್ಲಿದ್ದ ಸೌಟು ಬಿಟ್ಟು ಫೋನ್ ಕಿತ್ತುಕೊಂಡು ಕಟ್ ಮಾಡಿದೆ. ಅವರು ಹೇಳಿದ್ದು ನಮ್ಮ ಪರದೆಯನ್ನೇ ದೂರದವರ ಕೈಗೆ ಕೊಡುವ ಪ್ರೋಗ್ರಾಮ್!

"ಫೈರ್‌ವಾಲ್ ಹಾಕಿದ್ದೆವಲ್ಲೋ, ಅದು ತಡೀತಿರಲಿಲ್ವಾ?" ಅಂತ ಸಂಜೆ ಅಕ್ಕನ ಮಗನನ್ನು ಕೇಳಿದೆ. ಇಲ್ಲವಂತೆ. ಆ ಸಂಪರ್ಕ ನಮ್ಮ ಒಳಗಿನಿಂದಲೇ ಹೊರಡುತ್ತದೆ, ನಾವೇ ಒಪ್ಪಿ ಕಳಿಸಿದ್ದು ಅಂತ ಫೈರ್‌ವಾಲ್ ಸುಮ್ಮನಿರುತ್ತದೆ. ಎರಡು ಸಾವಿರದ್ದನ್ನು ಹಾಕಿಸಿದ್ದರೂ, ನಾವೇ ನಂಬರು ಓದಿ ಬಾಗಿಲು ತೆಗೆದ ಮೇಲೆ ಅದನ್ನು ನೆಚ್ಚಿ ಕೂರುವ ಹಾಗಿಲ್ಲ.

ಆದ್ದರಿಂದ ಗೆಳತಿಯರೇ, ಮನೆಯ ಲಿನಕ್ಸ್‌ಗೆ ದುಡ್ಡು ಕೊಟ್ಟು ಫೈರ್‌ವಾಲ್ ಹಾಕಿಸಬೇಡಿ. ಇರುವುದನ್ನು ಇವತ್ತೇ ಆನ್ ಮಾಡಿ. ಉಳಿದ ಹೊತ್ತಿನಲ್ಲಿ ಮನೆಯ ಹಿರಿಯರ ಪಕ್ಕ ಕೂತು, ಬ್ಯಾಂಕಿನ ಹೆಸರು ಹೇಳಿ ಯಾರೇ ನಂಬರು ಕೇಳಿದರೂ ಫೋನ್ ಇಡಿ ಅಂತ ಬಿಡಿಸಿ ಹೇಳಿ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಮ್ಮ ಅತ್ತೆ ಈಗ ಆ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ.