ಆರು ದಿನದ ಹರಾಜಿನಲ್ಲಿ ಚದುರಿದ ಮನೆತನದ ಕಾಗದಪತ್ರಗಳು

ಇಂಗ್ಲಿಷ್ ಸಾಹಿತ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಹೆಸರಾಂತ ಕವಿಗಳಾಗಿದ್ದವರೆಂದರೆ ರಾಬರ್ಟ್ ಬ್ರೌನಿಂಗ್ ಮತ್ತು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್. ಇವರ ಪತ್ರಗಳು, ಹಸ್ತಪ್ರತಿಗಳು ಮತ್ತು ಪುಸ್ತಕಗಳ ಬಹುದೊಡ್ಡ ಸಂಗ್ರಹ ಇಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಬೇಲರ್ ವಿಶ್ವವಿದ್ಯಾಲಯದಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಇಟಲಿಯಲ್ಲಿ ಸಂಸಾರ ನಡೆಸಿದವರ ಕಾಗದಗಳು ಅಷ್ಟು ದೂರ ಹೋದದ್ದು ಹೇಗೆಂದು ಹಳೆಯ ಪೆಟ್ಟಿಗೆ ಇರುವ ಪ್ರತಿ ಮನೆಯವರೂ ತಿಳಿದುಕೊಳ್ಳುವುದು ಒಳ್ಳೆಯದು.

ಪತ್ರಗಳ ಹಿನ್ನೆಲೆ

ಎಲಿಜಬೆತ್ ಕಾಯಿಲೆಯಿಂದ ಲಂಡನ್ನಿನ ವಿಂಪೋಲ್ ಬೀದಿಯ ಮನೆಯಲ್ಲೇ ಹೆಚ್ಚು ಕಾಲ ಕಳೆಯುತ್ತಿದ್ದರು. ಅವರ ಕವಿತೆಗಳನ್ನು ಮೆಚ್ಚಿ ರಾಬರ್ಟ್ 1845ರ ಜನವರಿ 10ರಂದು ಮೊದಲ ಪತ್ರ ಬರೆದರು. ಮಕ್ಕಳು ಯಾರೂ ಮದುವೆಯಾಗುವುದು ಎಲಿಜಬೆತ್ತರ ತಂದೆಗೆ ಒಪ್ಪಿಗೆಯಿರಲಿಲ್ಲ. ಆದ್ದರಿಂದ 1846ರ ಸೆಪ್ಟೆಂಬರ್ 12ರಂದು ಇಬ್ಬರೂ ಗುಟ್ಟಾಗಿ ಮದುವೆಯಾಗಿ, ಕೆಲವೇ ದಿನಗಳಲ್ಲಿ ಊರು ಬಿಟ್ಟರು. ಮುಂದೆ ಮಗಳು ಬರೆದ ಕಾಗದಗಳನ್ನು ತಂದೆ ಒಡೆದು ನೋಡದೆ ಹಿಂತಿರುಗಿಸಿದರು.

ಈ ಇಪ್ಪತ್ತು ತಿಂಗಳಲ್ಲಿ ಇಬ್ಬರೂ ಬರೆದುಕೊಂಡ ಪತ್ರಗಳ ಪೈಕಿ 573 ಉಳಿದಿವೆ. ಲಕೋಟೆಗಳಿಗೂ ಬೆಲೆಯಿದೆ. ಪ್ರತಿ ಭೇಟಿಯ ದಿನಾಂಕ, ಹೊತ್ತು ಮತ್ತು ಅದು ಎಷ್ಟನೆಯ ಭೇಟಿ ಎಂಬುದನ್ನು ರಾಬರ್ಟ್ ಲೆಕ್ಕದ ಪುಸ್ತಕದಂತೆ ಲಕೋಟೆಗಳ ಮೇಲೆ ಗುರುತು ಹಾಕಿಡುತ್ತಿದ್ದರು. ಮದುವೆಯ ದಿನದ್ದು 91ನೆಯದು. ಲಕೋಟೆ ಬಿಸಾಡಿದ್ದರೆ ಈ ಮಾಹಿತಿ ಸಿಗುತ್ತಿರಲಿಲ್ಲ.

ಉಯಿಲು ಇರಲಿಲ್ಲ

ಎಲಿಜಬೆತ್ 1861ರಲ್ಲಿ ಫ್ಲಾರೆನ್ಸಿನಲ್ಲಿ, ರಾಬರ್ಟ್ 1889ರಲ್ಲಿ ವೆನಿಸ್ಸಿನಲ್ಲಿ ತೀರಿಕೊಂಡರು. ರಾಬರ್ಟ್ ತಮ್ಮ ಇತರ ಪತ್ರಗಳನ್ನು ಬಹುಪಾಲು ಸುಟ್ಟುಹಾಕಿದ್ದರೂ ಇವನ್ನು ಮಾತ್ರ ಜೋಪಾನ ಮಾಡಿ, ತಮ್ಮ ನಂತರ ಇಷ್ಟ ಬಂದಂತೆ ಮಾಡು ಎಂದು ಮಗನಿಗೆ ಒಪ್ಪಿಸಿದರು. ಪೆನ್ ಎಂದು ಕರೆಯಲ್ಪಡುತ್ತಿದ್ದ ಈ ಒಬ್ಬನೇ ಮಗ 1899ರಲ್ಲಿ ಪತ್ರಗಳನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತಂದೆ ತಾಯಿಯ ಪುಸ್ತಕ, ಚಿತ್ರ, ಪೀಠೋಪಕರಣಗಳನ್ನೂ ಕಾಪಾಡಿಕೊಂಡು ಬಂದರು.

ಆದರೆ 1912ರಲ್ಲಿ ಪೆನ್ ತೀರಿಕೊಂಡಾಗ ಉಯಿಲು ಇರಲಿಲ್ಲ, ಆಸ್ತಿಗೆ ವಾರಸುದಾರರಾದ ಮಕ್ಕಳೂ ಇರಲಿಲ್ಲ. ದೂರವಾಗಿದ್ದ ಪತ್ನಿ ಮತ್ತು ತಾಯಿಯ ಕಡೆಯ ಬಂಧುಗಳು ಹಕ್ಕುದಾರರಾದರು. ಹೊಲ ಮನೆಯನ್ನು ಅಳೆದು ಹಂಚಬಹುದು, ಪತ್ರಗಳ ಕಟ್ಟನ್ನು ಹಾಗೆ ಹಂಚಲಾಗದು. 1913ರ ಮೇ ತಿಂಗಳಲ್ಲಿ ಲಂಡನ್ನಿನ ಸಾದಬೀಸ್ ಸಂಸ್ಥೆ ಎಲ್ಲವನ್ನೂ ಆರು ದಿನ ಹರಾಜು ಹಾಕಿತು. ಎರಡು ತಲೆಮಾರು ಕೂಡಿಸಿದ್ದು ವಾರದೊಳಗೆ ಬೇರೆ ಬೇರೆ ಕೈ ಸೇರಿತು.

ಮತ್ತೆ ಕೂಡಿಸಿದವರು

ಬೇಲರ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಎ. ಜೆ. ಆರ್ಮ್‌ಸ್ಟ್ರಾಂಗ್ 1909ರಲ್ಲಿ ಇಟಲಿಗೆ ಹೋಗಿ ಪೆನ್ ಅವರನ್ನು ಕಂಡಿದ್ದರು. 1918ರಲ್ಲಿ ಅವರು ತಮ್ಮ ಸ್ವಂತ ಸಂಗ್ರಹವನ್ನು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ನಂತರ ಪತ್ನಿಯೊಂದಿಗೆ ಶೈಕ್ಷಣಿಕ ಪ್ರವಾಸಗಳನ್ನು ನಡೆಸಿ, ಬಂದ ಲಾಭವನ್ನೂ ಬ್ರೌನಿಂಗರ ವಸ್ತುಗಳನ್ನು ಕೊಳ್ಳಲು ಹಾಕಿದರು. 1951ರಲ್ಲಿ ಈ ಸಂಗ್ರಹಕ್ಕೇ ಮೀಸಲಾದ ಗ್ರಂಥಾಲಯ ಕಟ್ಟಡ ಸಿದ್ಧವಾಯಿತು.

573 ಪತ್ರಗಳು ಮಾತ್ರ ಬೇರೆ ಕಡೆ ಇವೆ. 1930ರಲ್ಲಿ ಕ್ಯಾರೊಲಿನ್ ಹಜಾರ್ಡ್ ಎಂಬ ಮಹಿಳೆ ಅವನ್ನು ತಾವು ಹಿಂದೆ ಅಧ್ಯಕ್ಷರಾಗಿದ್ದ ಮ್ಯಾಸಚೂಸೆಟ್ಸ್‌ನ ವೆಲ್ಸ್‌ಲಿ ಕಾಲೇಜಿಗೆ ಕೊಟ್ಟರು. 1984ರಲ್ಲಿ ಫಿಲಿಪ್ ಕೆಲ್ಲಿ ಮತ್ತು ಬೆಟ್ಟಿ ಕೋಲಿ, ದಂಪತಿಗಳ ಬಳಿ ಇದ್ದ ವಸ್ತುಗಳು ಯಾವುವು, ಈಗ ಎಲ್ಲಿವೆ ಎಂಬುದರ ಪಟ್ಟಿಯನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. 2012ರ ಫೆಬ್ರವರಿ 14ರಂದು ಎರಡೂ ಸಂಸ್ಥೆಗಳು ಸೇರಿ ಆ ಪತ್ರಗಳ ಚಿತ್ರಗಳನ್ನು, ಲಕೋಟೆ ಸಹಿತ, ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟವು.

ಮನೆಯವರು ಗಮನಿಸಬೇಕಾದ್ದು

ಪೆನ್ ಅಸಡ್ಡೆಯ ಮಗನಲ್ಲ, ಜೀವನವಿಡೀ ಕಾಪಾಡಿದವರು. ತಮ್ಮ ನಂತರ ಯಾರಿಗೆ ಎಂಬ ಒಂದು ಬರಹ ಇಲ್ಲದ್ದರಿಂದ ಎಲ್ಲವೂ ಚದುರಿತು. ಮನೆಯಲ್ಲಿ ಹಿರಿಯರ ಪತ್ರ, ದಿನಚರಿ, ಹಸ್ತಪ್ರತಿ, ಲೆಕ್ಕದ ಪುಸ್ತಕಗಳಿದ್ದರೆ ಮೊದಲು ಪಟ್ಟಿ ಮಾಡಬೇಕು. ಲಕೋಟೆಯನ್ನು ಪತ್ರದ ಜೊತೆಗೇ ಇಡಬೇಕು. ಫೋಟೋದಲ್ಲಿರುವವರ ಹೆಸರನ್ನು ಬಲ್ಲವರು ಇರುವಾಗಲೇ ಬರೆಸಿಕೊಳ್ಳಬೇಕು. ಉಯಿಲಿನಲ್ಲಿ ಆಸ್ತಿಯ ಜೊತೆ ಕಾಗದಪತ್ರಗಳಿಗೂ ಒಂದು ಸಾಲು ಸೇರಿಸಬೇಕು. ವಿಶ್ವವಿದ್ಯಾಲಯಕ್ಕೆ ಅಥವಾ ಗ್ರಂಥಾಲಯಕ್ಕೆ ಕೊಡುವುದಾದರೆ ಪಟ್ಟಿಗೆ ಸಹಿ ಹಾಕಿಸಿಕೊಂಡು, ಯಾರು ಯಾವಾಗ ನೋಡಬಹುದು ಎಂಬುದನ್ನು ಬರಹದಲ್ಲಿ ಮಾಡಿಕೊಳ್ಳಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ, ಮನೆಯವರೆಲ್ಲ ಒಂದು ದಿನ ಕುಳಿತು ಮಾತಾಡಿದರೆ ಸಾಕು.