ನುಂಗಿದ ಮುದ್ದೆ ಅರಗುವುದೆಲ್ಲಿ?

ಬೆಂಗಳೂರು: ‘ಜೀರ್ಣಕ್ರಿಯೆ ಬಾಯಿಯಲ್ಲಿಯೇ ಆರಂಭವಾಗುತ್ತದೆ’ ಎಂಬ ವಾಕ್ಯವನ್ನು ಕಂಠಪಾಠ ಮಾಡದೆ ಶಾಲೆ ದಾಟಿದವರು ವಿರಳ. ಆದರೆ ಯಲಹಂಕ, ಹೆಬ್ಬಾಳ ಸುತ್ತಲಿನ ಹಳೆಯ ಮನೆಗಳಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದೇ ರೂಢಿ. ಅಗಿದು ತಿನ್ನುವವರನ್ನು ಕಂಡರೆ ಹಿರಿಯರಿಗೆ ನಗು. ಹಲ್ಲಿಗೆ ಸಿಗದೆ ಗಂಟಲಿಗಿಳಿದ ಮುದ್ದೆ ಹಾಗಾದರೆ ಅರಗುವುದೆಲ್ಲಿ?

ಮಾರ್ಗದರ್ಶಿತ ಅನ್ವೇಷಣೆ ಎಂಬ ಬೋಧನಾಕ್ರಮಕ್ಕೆ ಇಂತಹ ಪ್ರಶ್ನೆಯೇ ಬಂಡವಾಳ. ಇಲ್ಲಿ ಶಿಕ್ಷಕರು ಉತ್ತರ ಹೇಳುವುದಿಲ್ಲ, ಮಕ್ಕಳನ್ನು ಅವರ ಪಾಡಿಗೆ ಬಿಡುವುದೂ ಇಲ್ಲ. ಪ್ರಶ್ನೆ, ಸಾಮಗ್ರಿಗಳನ್ನು ಒದಗಿಸುತ್ತಾರೆ. ಊಹಿಸಿ ಪರೀಕ್ಷಿಸುವ ಹೊಣೆ ಮಕ್ಕಳದು. ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಿ ಶಾಲೆಯ ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲಿಯೇ ಹೇಳಿತ್ತು.

ಪ್ರಯೋಗ ಸರಳ. ಎರಡು ಗಾಜಿನ ನಳಿಕೆಗಳಲ್ಲಿ ತೆಳುವಾದ ಅಕ್ಕಿಗಂಜಿ. ರಾಗಿಯ ಕಂದಿನಲ್ಲಿ ಬಣ್ಣ ಗುರುತಿಸುವುದು ಕಷ್ಟವಾದ್ದರಿಂದ ಅಕ್ಕಿಯೇ ಲೇಸು. ಒಂದಕ್ಕೆ ಮಗು ತನ್ನದೇ ಜೊಲ್ಲನ್ನೂ ಇನ್ನೊಂದಕ್ಕೆ ಅಷ್ಟೇ ನೀರನ್ನೂ ಸೇರಿಸಿ, ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಸುಮಾರು 20 ನಿಮಿಷ ಇಡಬೇಕು. ಬಳಿಕ ತೆಳು ಅಯೋಡಿನ್ ದ್ರಾವಣದ ಒಂದೊಂದು ಹನಿ. ನೀರು ಬೆರೆತದ್ದು ಕಡುನೀಲಿಯಾಗುತ್ತದೆ, ಅಂದರೆ ಪಿಷ್ಟ ಹಾಗೆಯೇ ಇದೆ. ಜೊಲ್ಲು ಬೆರೆತದ್ದರಲ್ಲಿ ನೀಲಿ ಮಂಕಾಗುತ್ತದೆ ಅಥವಾ ಕಾಣುವುದೇ ಇಲ್ಲ. ಬರೀ ನೀರಿನ ನಳಿಕೆ ಏತಕ್ಕೆ ಬೇಕಿತ್ತು? ಬಣ್ಣಕ್ಕಿಂತ ತೂಕದ ಪ್ರಶ್ನೆ ಇದು. ಪಿಷ್ಟವನ್ನು ಒಡೆದದ್ದು ಜೊಲ್ಲೇ ಹೊರತು ಬಿಸಿಯಲ್ಲ ಎನ್ನಲು ಬೇರೆ ಸಾಕ್ಷಿಯಿಲ್ಲ.

ಮೂರನೆಯ ನಳಿಕೆಯಲ್ಲಿ ಜೊಲ್ಲಿಗೆ ಮೊದಲೇ ವಿನೆಗರ್ ಬೆರೆಸಿದರೆ ನೀಲಿ ಉಳಿದುಕೊಳ್ಳುತ್ತದೆ. (ನಿಂಬೆರಸ ಸಲ್ಲದು, ಅದರಲ್ಲಿನ ಸಿ ಜೀವಸತ್ವ ಅಯೋಡಿನ್ನಿನ ಬಣ್ಣವನ್ನೇ ಕಳೆದು ದಾರಿ ತಪ್ಪಿಸುತ್ತದೆ.) ಆಮ್ಲ ತುಂಬಿದ ಜಠರದಲ್ಲಿ ಜೊಲ್ಲಿನ ಕಿಣ್ವ ಹೆಚ್ಚು ಹೊತ್ತು ದುಡಿಯಲಾರದು ಎಂಬುದು ಇದರಿಂದ ಹೊಳೆಯುತ್ತದೆ.

ಉಳಿದ ಕೆಲಸ ಸಣ್ಣ ಕರುಳಿನದು. ಸುಮಾರು 6 ಮೀಟರ್ ಉದ್ದದ ಈ ಕೊಳವೆಯ ಆರಂಭದಲ್ಲಿ ಮೇದೋಜೀರಕ ಗ್ರಂಥಿಯ ರಸ ಬಂದು ಸೇರುತ್ತದೆ. ಅದರಲ್ಲಿಯೂ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವವಿದೆ. ನುಂಗಿದ ಮುದ್ದೆಯ ಪಿಷ್ಟ ಬಹುಪಾಲು ಅರಗುವುದು ಇಲ್ಲಿಯೇ. ಹಲ್ಲಿನ ಪಾಲಿನ ಕೆಲಸವನ್ನು ಹಿಟ್ಟಿನ ಗಿರಣಿಯೂ ಒಲೆಯೂ ಮೊದಲೇ ಮುಗಿಸಿರುತ್ತವೆ.

ತೊಡಕಿರುವುದು ಗಡಿಯಾರದಲ್ಲಿ. 40 ನಿಮಿಷದ ತರಗತಿಯಲ್ಲಿ ಅರ್ಧ ಕಾಯುವುದಕ್ಕೇ ಹೋಗುತ್ತದೆ. ಪರೀಕ್ಷೆಯಾದರೋ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳುತ್ತದೆ. ಗಂಜಿ ಕಾಯುವ ಆ 20 ನಿಮಿಷವನ್ನು ಊಹೆಗಳನ್ನು ಬರೆದಿಡಲು ಬಳಸಿದರೆ ತರಗತಿಯೊಂದರಲ್ಲಿ ಮೊದಲೆರಡು ನಳಿಕೆಗಳಾದರೂ ಮುಗಿಯುತ್ತವೆ.