ಎತ್ತುವ ಮೊದಲು ನಿಮ್ಮ ನಡ ನೋಡಿಕೊಳ್ಳಿ

ನಮ್ಮ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸುಗ್ಗಿಯಲ್ಲಿ ಕಬ್ಬಿನ ಹೊರೆ ಹೊರುವವರನ್ನು ದಿನಾ ನೋಡುತ್ತೇವೆ. ಹೊರೆ ಭಾರವಾದರೆ, "ಏ ಬಾರೋ, ಒಂದ್ ಕೈ ಹಚ್ಚು" ಎಂದು ಕೂಗುತ್ತೇವೆ. ಅದರಲ್ಲಿ ನಾಚಿಕೆ ಇಲ್ಲ.

ಮನೆಯಲ್ಲಿ ಮಾವನಿಗೆ ಲಕ್ವ ಹೊಡೆದರೆ? ಸೊಸೆ ಒಬ್ಬಳೇ ಎಬ್ಬಿಸುತ್ತಾಳೆ. ಒಬ್ಬಳೇ ಬಚ್ಚಲಿಗೆ ಒಯ್ಯುತ್ತಾಳೆ. ಮಾವ 60 ಕಿಲೋ ಇದ್ದರೆ, 50 ಕಿಲೋ ತೊಗರಿ ಚೀಲಕ್ಕಿಂತ ಭಾರ. ಚೀಲ ಸುಮ್ಮನಿರುತ್ತದೆ. ಮನುಷ್ಯ ಜಾರುತ್ತಾನೆ, ಹೆದರಿ ಕೊರಳು ಹಿಡಿಯುತ್ತಾನೆ. ಒಂದು ದಿನ ಅವಳ ನಡ ಚಳಕ್ ಅನ್ನುತ್ತದೆ. ಆಮೇಲೆ ಮನೆಯಲ್ಲಿ ಎರಡು ಹಾಸಿಗೆ!

ನಡ ಯಾಕೆ ಹಿಡಿಯುತ್ತದೆ? ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಬಗ್ಗಿ, ತಿರುಚಿ ಎತ್ತಿದರೆ ಅವುಗಳ ಮೇಲೆ ಒತ್ತಡ ಬೀಳುತ್ತದೆ. ತುಂಬಿದ ಕೊಡವನ್ನು ಟೊಂಕದ ಮೇಲೆ ಇಟ್ಟು ನಡೆಯುತ್ತೀರಿ. ಅದೇ ಕೊಡವನ್ನು ಕೈ ಚಾಚಿ ಹಿಡೀರಿ ನೋಡೋಣ! ಭಾರ ಮೈಗೆ ಹತ್ತಿರ ಇರಬೇಕು. ಮೊಣಕಾಲು ಮಡಚಬೇಕು.

ದವಾಖಾನೆಯ ನರ್ಸ್‌ಗಳಿಗೂ ಈ ನೋವು ತಪ್ಪಿಲ್ಲ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂದು 2007ರಲ್ಲಿ ಅಮೆರಿಕದ ತಜ್ಞರೊಬ್ಬರು ಲೆಕ್ಕ ಕೊಟ್ಟರು. ಅಲ್ಲಿ ಎತ್ತುವ ಯಂತ್ರಗಳಿವೆ. ನಮ್ಮಲ್ಲಿ ಚಾದರ ಇದೆ.

ಗಟ್ಟಿ ಚಾದರವನ್ನು ಹೆಗಲಿಂದ ತೊಡೆಯವರೆಗೆ ರೋಗಿಯ ಕೆಳಗೆ ಹಾಸಿ. ಎರಡೂ ಕಡೆ ಒಬ್ಬೊಬ್ಬರು ನಿಂತು ಅಂಚನ್ನು ಸುತ್ತಿ ಹಿಡಿಯಿರಿ. ಒಂದು, ಎರಡು, ಮೂರು ಎಂದು ಕೂಡಿ ಸರಿಸಿ. ಎತ್ತಬ್ಯಾಡ್ರಿ, ಜಾರಿಸ್ರಿ. ರೋಗಿಯ ಚರ್ಮವೂ ಉಜ್ಜುವುದಿಲ್ಲ.

ಕೂಡಿಸಬೇಕಾದರೆ ಮೊದಲು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಡಿಸಿ. ಪಾದ ನೆಲ ಮುಟ್ಟಲಿ. ಒಂದು ಗಳಿಗೆ ತಡೆಯಿರಿ, ತಲೆ ತಿರುಗೀತು. ಗಟ್ಟಿ ಇರುವ ಕಾಲು ಅವರೇ ಊರಲಿ. ಸೋತ ಕೈ ಹಿಡಿದು ಜಗ್ಗಬೇಡಿ, ಹೆಗಲ ಕೀಲು ಜಾರುತ್ತದೆ. ಬೀಳತೊಡಗಿದರೆ ತಡೆದು ನಿಲ್ಲಿಸಲು ಹೋಗಬೇಡಿ. ಮೈಗೆ ಆನಿಸಿಕೊಂಡು ನಿಧಾನಕ್ಕೆ ನೆಲಕ್ಕೆ ಇಳಿಸಿ. ಪೆಟ್ಟಾಗಿದೆಯೇ ನೋಡಿ, ನಾಲ್ಕು ಮಂದಿಯನ್ನು ಕರೆಯಿರಿ.

ಕರೆಯಲು ಸೊಸೆಗೆ ಸಂಕೋಚ. "ಮಂದಿ ಏನಂತಾರ್ರಿ" ಅನ್ನುತ್ತಾಳೆ. ಹಾಗಾದರೆ ಗಂಡ ಕರೆಯಲಿ. ಚಾದರದ ಒಂದು ಅಂಚನ್ನು ಅವನೂ ಹಿಡೀಲಿ.

ನಡನೋವಿನ ಜೊತೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಎಣ್ಣೆ ತಿಕ್ಕುತ್ತ ಕೂಡಬೇಡಿ. ಅದೇ ದಿನ ದವಾಖಾನೆಗೆ ಹೋಗಿ.